ಗೇರ್ ಬದಲಿಸುವ ಹೊತ್ತು

೧೪ ಆಗಸ್ಟ್ ೨೦೦೭, ಮಂಗಳವಾರ

ನಾನು ಕೈಲಾಸಕ್ಕೆ ಹೋಗಿ ಬಂದ ಕಥೆಯನ್ನು ಮೊದಲು ಹೇಳಿದವಳು ಉಚ್ಚೆಂಗಮ್ಮ. ನಿನ್ನೆ, ಶ್ರಾವಣದ ಮೊದಲನೇ ಸೋಮವಾರ, ಬಸವಣ್ಣನ ಗುಡಿಯ ಮೆಟ್ಟಿಲು ಇಳಿಯುವ ಮೊದಲೇ ಹೇಳಿದಳು. ಇವತ್ತು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮೂರು ಬಂಡ್ರಿಯ ತುಂಬ ಅದೇ ಕಥೆ. ಕಡಲೆಬೇಳೆ ಕೊಳ್ಳಲು ಬಂದವರು ಬೇಳೆ ಮರೆತು ನನ್ನ ಕಾಲು ಮುಟ್ಟಿದರು. ನನಗೆ ಕಾಲು ಮುಟ್ಟಿದರೂ ನೋವು. 'ಹಾ' ಎಂದೆ. ಅದನ್ನೂ ಆಶೀರ್ವಾದವೆಂದು ತಿಳಿದು ಹೋದರು.

ನಡೆದದ್ದು ಇಷ್ಟು. ಶ್ರಾವಣ ಮಾಸವಿಡೀ ಸಂಜೆ ಗುಡಿಯಲ್ಲಿ ಪುರಾಣ ಹೇಳುವುದು ನನ್ನ ಪಾಲಿನ ಸೇವೆ. ನಿನ್ನೆ ಶಿವನು ಮುದುಕನ ವೇಷದಲ್ಲಿ ಶರಣನ ಮನೆಗೆ ಬರುವ ಪ್ರಸಂಗ. 'ಬಾಗಿಲು ತಟ್ಟಲು ಶಿವ ಕೈ ಎತ್ತಿದ' ಎಂದೆ. ಆಮೇಲಿನದು ನೆನಪಿಲ್ಲ. ಬೆನ್ನು ಕಂಬಕ್ಕಿತ್ತು, ಕಾಲು ಮಡಚಿತ್ತು, ಹಾಗಾಗಿ ಬೀಳಲಿಲ್ಲ. ಗಂಟಲಿನಿಂದ ಏನೋ ದೊಡ್ಡ ಸದ್ದು ಹೊರಟು ನನಗೇ ಎಚ್ಚರವಾಯಿತು. ನೋಡಿದರೆ ಜನ ಕೈ ಮುಗಿದು ಕೂತಿದ್ದಾರೆ, ಶಿವ ಇನ್ನೂ ಕೈ ಎತ್ತಿಕೊಂಡು ಹೊರಗೇ ನಿಂತಿದ್ದಾನೆ.

ನನಗೆ ನಿದ್ದೆ ಬಂದಿತ್ತು. ಈ ಡೈರಿಯಲ್ಲಾದರೂ ನಿಜ ಬರೆಯಬಹುದು.

ಮುಂದಿನ ಸಾಲಿನಲ್ಲಿ ಕೂರುವ ಉಚ್ಚೆಂಗಮ್ಮ ಒಪ್ಪಲಿಲ್ಲ. "ನಿದ್ದಿ ಅಂತೀಯೇನ್ ನಾಗಭೂಷಣಪ್ಪಾ? ಉಸಿರ ನಿಂತಿತ್ತು ನಿನಗ. ನಾ ಕಣ್ಣಾರೆ ನೋಡೀನಿ. ಎದಿ ಅಲ್ಲಾಡಲಿಲ್ಲ. ಆಮ್ಯಾಲೆ ಓಂಕಾರ ಮಾಡಿದಿ ನೋಡು, ಗುಡಿ ಗಂಟಿ ಅದುರಿದ್ವು."

ಮನೆಯಲ್ಲಿ ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. "ಕೈಲಾಸಕ್ಕ ಹೋಗಿದ್ರಂತ? ಬರೋವಾಗ ಎರಡು ಸೇರು ಜೋಳನಾದ್ರೂ ತರಬಾರದಿತ್ತಾ?" ಹೆಂಡತಿಯರಿಗೆ ಭಕ್ತಿ ಬರುವುದು ಕಷ್ಟ.

ಇವತ್ತಿನ ನೋವು: ಕತ್ತು, ಭುಜ, ಬೆನ್ನು, ಸೊಂಟ, ಮಂಡಿ, ಅಂಗಾಲು. ಎಲ್ಲಿ ನೋವು ಎಂದು ಕೇಳಿದರೆ ಎಲ್ಲಿ ಇಲ್ಲ ಎಂದು ಹೇಳುವುದೇ ಸುಲಭ. ಎಡಗಿವಿಯ ಹಾಲೆ. ಅಲ್ಲಿ ಇಲ್ಲ.

೧೭ ಆಗಸ್ಟ್, ಶುಕ್ರವಾರ

ನಿನ್ನೆ ಹೊಸಪೇಟೆಗೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿ ಬಂದೆ. ಬಸ್ಸಿನಲ್ಲಿ ಸಂಡೂರಿನವರೆಗೂ ಸೀಟು ಸಿಗಲಿಲ್ಲ. ನಿಂತು ಹೋದ ಪಾಪಕ್ಕೆ ಇವತ್ತು ಹಾಸಿಗೆಯಿಂದ ಏಳಲು ಕೊಟ್ರಬಸಮ್ಮನ ಕೈ ಬೇಕಾಯಿತು. ಕಂಡಕ್ಟರ್ ಟಿಕೆಟ್ ಕೊಡಲು ಭುಜ ಮುಟ್ಟಿದ. ನಾನು ಕೂಗಿದ ಕೂಗಿಗೆ ಡ್ರೈವರ್ ಬ್ರೇಕ್ ಹಾಕಿದ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳಿ ಎಲ್ಲಾ ಮಸ್ತ್ ಅದಾವ್ರಿ" ಎಂದರು. ಹೋದ ವರ್ಷ ಬಳ್ಳಾರಿಯಲ್ಲಿ ರಕ್ತವೂ ಮಸ್ತ್ ಇತ್ತು. ಅದಕ್ಕೂ ಮೊದಲು ಎಣ್ಣೆ ತಿಕ್ಕುವ ಪಕ್ಕೀರಪ್ಪ ನನ್ನ ನರಗಳನ್ನು ಹೊಗಳಿದ್ದ. ಬಿಡಿ ಸಾಮಾನೆಲ್ಲ ಚೆನ್ನಾಗಿದೆ, ಗಾಡಿ ಮಾತ್ರ ಓಡುವುದಿಲ್ಲ.

ಎಲ್ಲರೂ ಕಡೆಗೆ ಗಣಿ ಧೂಳಿಗೆ ಬರುತ್ತಾರೆ. ಈಗ ನಮ್ಮ ಕಡೆ ಕೆಮ್ಮಿದರೂ ಧೂಳು, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಧೂಳು. ನನ್ನ ಮನೆ ಏರಿನ ಪಕ್ಕ. ಅದಿರು ತುಂಬಿದ ಟಿಪ್ಪರ್ ಲಾರಿಗಳು ಹಗಲು ರಾತ್ರಿ ಆ ಏರು ಹತ್ತುತ್ತವೆ. ತುಳಸಿಕಟ್ಟೆಯೂ ಕೆಂಪು, ಒಣಹಾಕಿದ ಪಂಚೆಯೂ ಕೆಂಪು. ಧೂಳು ಮೂಗಿಗೆ ಹೋಗಬಹುದು, ಒಪ್ಪಿದೆ. ಅಂಗಾಲಿಗೆ ಹೇಗೆ ಹೋಯಿತು?

ಸಂಜೆ ಮನೋಹರ್ ಬಂದಿದ್ದ. ಗುಡಿ ಕಮಿಟಿಯ ಅಧ್ಯಕ್ಷ, ನಾಲ್ಕು ಟಿಪ್ಪರ್‌ಗಳ ಧಣಿ. ಆಷಾಢದಲ್ಲಿ ಇವನೇ ನನಗೆ ಗಡುವು ಹಾಕಿದ್ದ. ಹಿಂದಿನ ಎರಡು ಶ್ರಾವಣಗಳಲ್ಲೂ ಸೊಂಟ ಹಿಡಿದುಕೊಂಡು ನಾನು ಅರ್ಧಕ್ಕೇ ಪುರಾಣ ನಿಲ್ಲಿಸಿದ್ದೆ. "ಈ ಸಲನೂ ಮಂಗಳ ಆಗ್ಲಿಲ್ಲಂದ್ರ ಮುಂದಿನ ವರ್ಷ ಹೊರಗಿನವ್ರನ್ನ ಕರೆಸ್ತೀನ್ರಿ. ಕೀಬೋರ್ಡ್ ಸಮೇತ ಬರ್ತಾರ" ಎಂದಿದ್ದ. ಹೊರಗಿನವರು ಬರಲಿ, ಕೀಬೋರ್ಡೂ ಬರಲಿ. ಆದರೆ ಕಡೆಯ ದಿನದ ಕಥೆ ಅವರಿಗೆ ಗೊತ್ತಿಲ್ಲ. ಅದು ನನ್ನ ಅಜ್ಜಿ ಭರಮಮ್ಮ ಶೇಂಗಾ ಸುಲಿಯುತ್ತ ಹೇಳಿದ್ದು. ನನ್ನ ಬಾಯಲ್ಲಿ ಮಾತ್ರ ಉಳಿದಿದೆ. ಈ ಅಮಾವಾಸ್ಯೆಗೆ ಅದನ್ನು ಹೇಳಿ ಮುಗಿಸಲೇಬೇಕು. ನನಗೆ ಬೇರೆ ಆಸೆಯಿಲ್ಲ.

ಇವತ್ತು ಮಾತ್ರ ಮನೋಹರ್ ಬಾಗಿ ನಮಸ್ಕಾರ ಮಾಡಿದ. ಯಾಕೆಂದು ಕೇಳುವಷ್ಟರಲ್ಲಿ ನನಗೆ ಆಕಳಿಕೆ ಬಂತು.

೨೧ ಆಗಸ್ಟ್, ಮಂಗಳವಾರ

ನಿನ್ನೆ ಎರಡನೇ ಸೋಮವಾರ. ಎಮ್ಮಿಗನೂರಿನಿಂದ ಟೆಂಪೋ ಮಾಡಿಕೊಂಡು ಜನ ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮನೋಹರ್ ಕಟ್ಟಿಸಿದ ಫ್ಲೆಕ್ಸ್ ಇದೆ. ಅದರಲ್ಲಿ ನನ್ನ ಮುಖ, ಹಿಂದೆ ಹಿಮಾಲಯ. ನನ್ನ ಮುಖಕ್ಕಿಂತ ಅವನ ಮುಖ ಸ್ವಲ್ಪ ದೊಡ್ಡದಿದೆ, ಇರಲಿ. ಕೆಳಗೆ 'ಪ್ರತಿ ಸೋಮವಾರ ಸಮಾಧಿ ದರ್ಶನ' ಎಂದು ಬರೆಸಿದ್ದಾನೆ.

"ಎಂಟೂವರೀಗೆ ಸಮಾಧಿ ಇಟ್ಕೊಳ್ರೀ ಅಪ್ಪಾರ. ಕೇಬಲ್ ಟಿವಿಯವ್ರು ಬರ್ತಾರ. ಅವ್ರು ಒಂಬತ್ತಕ್ಕ ಮತ್ತೊಂದು ಕಡೆ ಹೋಗ್ಬೇಕಂತ."

"ಅದು ನನ್ನ ಕೈಯಾಗಿಲ್ಲೋ ಮನೋಹರ."

"ಹಂಗ ಅನ್ನೋದ ದೊಡ್ಡವ್ರ ಲಕ್ಷಣ" ಎಂದು ಅವನು ಕ್ಯಾಮೆರಾ ನಿಲ್ಲಿಸುವ ಜಾಗ ತೋರಿಸಲು ಹೋದ.

ಎಂಟೂವರೆಗೆ ಏನೂ ಬರಲಿಲ್ಲ. ಟಿವಿಯವರು ವೈರು ಸುತ್ತಿಕೊಂಡು ಹೋದರು. ಅವರು ಹೋದ ಬೆನ್ನಿಗೇ ಬಂತು. ಈ ಸಲ ಶರಣ ಬಾಗಿಲು ತೆರೆದಿದ್ದ, ಶಿವ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ. ಕಣ್ಣು ಬಿಟ್ಟಾಗ ಮಡಿಲಲ್ಲಿ ಬಾಳೆಹಣ್ಣುಗಳಿದ್ದವು, ಕುತ್ತಿಗೆಯಲ್ಲಿ ಹಾರವಿತ್ತು. ಒಂದು ವಾರದಿಂದ ಶಿವ ಹೊಸ್ತಿಲು ದಾಟಿಲ್ಲ. ಹೀಗಾದರೆ ಅಮಾವಾಸ್ಯೆಗೆ ಕಥೆ ಹೇಗೆ ಮುಗಿದೀತು?

ಒಂದು ಮಾತು ಇಲ್ಲಿ ಬರೆದಿಡುತ್ತೇನೆ. ಇಷ್ಟು ಜನ ಹೇಳುವಾಗ ಪೂರ್ತಿ ಸುಳ್ಳಿರಲಿಕ್ಕಿಲ್ಲ. ಹಿಂದಿನವರು ಉಸಿರು ಕಟ್ಟಿ ಕೂರುತ್ತಿದ್ದರಂತೆ, ಮೈ ದಂಡಿಸುತ್ತಿದ್ದರಂತೆ. ನನ್ನ ಮೈ ತಾನಾಗಿಯೇ ದಂಡಿತವಾಗಿದೆ. ಯಾರು ಬಲ್ಲರು?

ಕಂಪ್ಲಿಯಿಂದ ಅಕ್ಕಿ ಮೂಟೆ ಬಂತು. ಇಳಿಸಲು ಪಕ್ಕದ ಮನೆಯ ಮಲ್ಲೇಶನನ್ನು ಕರೆದೆ. "ಅಪ್ಪಾರು ಮೂಟಿ ಮುಟ್ಟಬಾರ್ದು ಬಿಡ್ರಿ" ಎಂದು ತಾನೇ ಇಳಿಸಿದ. ಮುಟ್ಟಬಾರದೆಂದಲ್ಲ, ಎತ್ತಲಾಗುವುದಿಲ್ಲ.

೨೩ ಆಗಸ್ಟ್

ಕಥೆಯನ್ನು ಬೇಗ ಮುಂದಕ್ಕೆ ಒಯ್ಯಲು ಇವತ್ತು ಒಂದು ಉಪಾಯ ಹೊಳೆಯಿತು. ಅದೇನೆಂದರೆ ಶಿವನು ಮನೆಯೊಳಗೆ ಬಂದ ಕೂಡಲೇ ಶರಣನ ಹೆಂಡತಿ ಅವನಿಗೆ ನೀರು

೨೪ ಆಗಸ್ಟ್, ಶುಕ್ರವಾರ

ಮೇಲಿನ ಸಾಲಿನಿಂದ ಒಂದು ಗೀಟು ಹೊರಟು ಪುಟ ದಾಟಿ ಚಾಪೆಯವರೆಗೆ ಹೋಗಿದೆ. ಉಪಾಯ ಏನೆಂಬುದು ಮರೆತಿದೆ.

ಬರೆಯಲು ಬೇರೆ ವಿಷಯ ಬೇಕಾದಷ್ಟಿದೆ. ನಿನ್ನೆ ಮಳೆಗೆ, ಅದಕ್ಕಿಂತ ಹೆಚ್ಚಾಗಿ ಟಿಪ್ಪರ್‌ಗಳ ಭಾರಕ್ಕೆ, ಊರಾಚೆಯ ಮೋರಿ ಕುಸಿದಿದೆ. ಲಾರಿಗಳೆಲ್ಲ ಬೇರೆ ದಾರಿ ಹಿಡಿದವು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನಮ್ಮ ಏರು ಸುಮ್ಮನಿತ್ತು. ಅದರಿಂದ ಊರಿಗೆ ನಿದ್ದೆ ಬರಲಿಲ್ಲವಂತೆ. ನಾನೊಬ್ಬನೇ ಮಲಗಿದ್ದು.

ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಯೇ ನಿಂತಿತ್ತು. ಮೊದಲು ಮಾತಾಡಿದವನು ಮಲ್ಲೇಶ. ಅವನು ಮನೋಹರನ ಟಿಪ್ಪರ್ ಡ್ರೈವರ್.

"ಅಪ್ಪಾರ, ರಾತ್ರಿ ನಿಮ್ಮ ಮನಿಯಾಗ ಗಾಡಿ ಯಾವುದು ನಿಲ್ಲಿಸಿದ್ರಿ?"

"ಗಾಡಿ ಎಲ್ಲೈತೋ?"

"ಹಂಗಾರ ಆ ಸೌಂಡು ನಿಮ್ಮದಾ? ಲೋಡ್ ಗಾಡಿ ಫಸ್ಟ್ ಗೇರ್‌ನಾಗ ಏರು ಹತ್ತಿದಂಗ ಇತ್ತು. ನಡುನಡುವ ನಿಲ್ಲತಿತ್ತು. ನಾ ನಿದ್ದಿಗಣ್ಣಾಗ ಎರಡು ಸಲ ಕ್ಲಚ್ ಒತ್ತೀನಿ. ನನ್ನ ಹೆಂಡ್ತಿ ಕಾಲು ಬಾತೈತಿ."

ಓಣಿ ನಕ್ಕಿತು. ನಾನೂ ನಕ್ಕೆ. ಕೊಟ್ರಬಸಮ್ಮ ನಗಲಿಲ್ಲ. ಅವಳ ಕಣ್ಣುಗಳು ಕೆಂಪಾಗಿದ್ದವು. ಜನ ಚದುರಿದ ಮೇಲೆ ಕಂಬಕ್ಕೊರಗಿ ಹೇಳಿದಳು.

"ಇಷ್ಟು ವರ್ಷ ನಾ ಅದನ್ನ ಲಾರಿ ಅಂದ್ಕೊಂಡಿದ್ದೆ ನೋಡ್ರಿ. ಗುರ್ ಅಂತ ಏರು ಹತ್ತತದ, ಗಪ್ಪ ಅಂತದ, ಆಮ್ಯಾಲೆ ಒಮ್ಮೆಲೇ ಒದರತದ. ಗಪ್ಪ ಅಂದಾಗೆಲ್ಲ 'ಈಗ ಗೇರ್ ಬದಲಿಸ್ಲಿಕ್ಕತ್ತಾನ' ಅಂತ ಮಗ್ಗಲಾ ಹೊರಳಿ ಮಲಗತಿದ್ದೆ. ನಿನ್ನಿ ಲಾರಿ ಇರಲಿಲ್ಲ. ಗೇರ್ ಬದಲಿಸೋರೂ ಇರಲಿಲ್ಲ. ಅದು ನೀವು. ಆ ಹೊತ್ತಿನಾಗ ನಿಮಗ ಉಸಿರ ಇರಲಿಲ್ಲ."

"ಉಸಿರ ಇಲ್ದ ಯಾರರ ಬದುಕ್ತಾರೇನ?"

"ಅದನ್ನ ನಾನೂ ರಾತ್ರಿಯೆಲ್ಲ ಕುಂತು ಕೇಳ್ಕೊಂಡೆ."

೨೫ ಆಗಸ್ಟ್, ಶನಿವಾರ

ದೊಡ್ಡ ಜಗಳ. ಅವಳು ನಿನ್ನೆಯೂ ಮಲಗಿಲ್ಲ. ನನ್ನ ಉಸಿರು ನಿಂತಾಗಲೆಲ್ಲ ಸಟ್ಟುಗದ ಹಿಡಿಯಿಂದ ಪಕ್ಕೆಗೆ ತಿವಿದಿದ್ದಾಳೆ. ಹಾಗಾಗಿ ಇವತ್ತು ಪಕ್ಕೆಯ ನೋವು ಬೇರೆ.

ನಾನು ಯೋಗದ ಮಾತು ತೆಗೆದೆ. ಉಸಿರನ್ನು ಒಳಗೇ ನಿಲ್ಲಿಸುವುದು ಎಲ್ಲರಿಂದಲೂ ಆಗುವುದಿಲ್ಲ, ಅದಕ್ಕೆ ಸಂಸ್ಕಾರ ಬೇಕು ಎಂದೆ.

"ಯೋಗಿಗಳು ಉಸಿರು ಬಿಡೋವಾಗ ಎಮ್ಮಿ ಈದಂಗ ಒದರ್ತಾರೇನ್ರಿ?"

"ಉಚ್ಚೆಂಗಮ್ಮ ಓಂಕಾರ ಅಂದ್ಲು."

"ಉಚ್ಚೆಂಗಮ್ಮ ನಿಮ್ಮ ಮಗ್ಗಲಾಗ ಮಲಗಂಗಿಲ್ಲ. ನಾ ಮಲಗ್ತೀನಿ."

ಮಂಗಳವಾರ ಹೊಸಪೇಟೆಗೆ ಹೋಗಲೇಬೇಕು ಎಂದು ತೀರ್ಮಾನ ಮಾಡಿದಳು. ಸೋಮವಾರವೇ ಹೋಗೋಣ ಎಂದಿದ್ದಳು. ಎಮ್ಮಿಗನೂರಿನಿಂದ ಈ ಸಲ ಎರಡು ಟೆಂಪೋ ಬರುತ್ತವೆಂದು ನಾನೇ ಒಂದು ದಿನ ಮುಂದೂಡಿಸಿದೆ.

೨೯ ಆಗಸ್ಟ್, ಬುಧವಾರ

ಟೆಂಪೋಗಳ ಸೋಮವಾರ ಮುಗಿಸಿ ನಿನ್ನೆ ಹೊಸಪೇಟೆಗೆ ಹೋದೆವು. ಈ ಸಲ ಉಸಿರಿನ ಡಾಕ್ಟರು, ಹೆಸರು ಸೌಜನ್ಯ. ವಯಸ್ಸಿನಲ್ಲಿ ನನಗೆ ಮಗಳಾಗಬೇಕು. ನಾನು ನೋವಿನ ಕಥೆ ಶುರು ಮಾಡಿದೆ. ಕತ್ತಿನಿಂದ ಹೊರಟು ಸೊಂಟದವರೆಗೆ ಬಂದಿದ್ದೆ, ಕುರ್ಚಿಯಲ್ಲೇ ನಿದ್ದೆ ಬಂತು. ಕಣ್ಣು ಬಿಟ್ಟಾಗ ಕೊಟ್ರಬಸಮ್ಮ ಉಳಿದದ್ದನ್ನೆಲ್ಲ ಹೇಳಿ ಮುಗಿಸಿದ್ದಳು, ಗೇರ್ ಬದಲಿಸುವುದನ್ನು ಕೈಯಲ್ಲಿ ಮಾಡಿಯೂ ತೋರಿಸಿದ್ದಳು.

ರಾತ್ರಿ ಅಲ್ಲೇ ಮಲಗಿಸಿದರು. ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿದರು. ಇಂಥ ಸಿಂಗಾರ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಬೆಳಿಗ್ಗೆ ಸೌಜನ್ಯ ಡಾಕ್ಟರು ಉದ್ದನೆಯ ಕಾಗದ ಹಿಡಿದು ಬಂದರು.

"ನಿದ್ದಿ ಬಂದ ಕೂಡ್ಲೆ ನಿಮ್ಮ ಗಂಟಲ ದಾರಿ ಮುಚ್ಚಿಕೊಳ್ತದ್ರಿ. ಉಸಿರು ನಿಲ್ತದ. ಮಿದುಳು ಹೆದರಿ ನಿಮ್ಮನ್ನ ಎಬ್ಬಿಸ್ತದ. ಪೂರಾ ಎಚ್ಚರ ಆಗಲ್ಲ, ನಿದ್ದಿ ಮಾತ್ರ ಹರೀತದ. ಒಂದು ತಾಸಿನಾಗ ಹಂಗ ಎಷ್ಟೋ ಸಲ."

"ಅದು ಸರಿ ತಾಯಿ. ನಾ ಮೈ ನೋವಿಗೆ ಬಂದವ."

"ಅದಕ್ಕ ಬಂದೆ ತಡೀರಿ. ನಿದ್ದಿ ಕೆಟ್ಟ ಮೈಗೆ ನೋವು ತಡಿಯೋ ಶಕ್ತಿ ಕಮ್ಮಿ ಆಗ್ತದ. ಮೈಕಿನ ಸೌಂಡು ಯಾರೋ ಪೂರಾ ತಿರುವಿ ಇಟ್ಟಂಗ. ಸಣ್ಣ ನೋವೂ ದೊಡ್ಡದಾಗಿ ಕೇಳಸ್ತದ. ನೋವು ಹೆಚ್ಚಾದ್ರ ಮತ್ತ ನಿದ್ದಿ ಕೆಡ್ತದ. ಒಂದು ಇನ್ನೊಂದನ್ನ ಸಾಕ್ತದ. ನಿದ್ದಿ ಸರಿಹೋದ್ರ ನೋವು ಎಲ್ಲಾರಿಗೂ ಹೋಗ್ತದಂತ ನಾ ಮಾತು ಕೊಡಂಗಿಲ್ಲ. ಮೊದ್ಲು ಉಸಿರಿನ ದಾರಿ ತೆಗೆಯೋಣ. ಅದನ್ನ ಹಿಂಗ ಬಿಟ್ರ ಹೃದಯಕ್ಕೂ ಒಳ್ಳೇದಲ್ಲ."

ಕೊಟ್ರಬಸಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಮೈಕಿನ ಹೋಲಿಕೆ ನನಗೆ ಹಿಡಿಸಿತು. ಪುರಾಣದಲ್ಲಿ ಎಲ್ಲಾದರೂ ಬಳಸಬಹುದು.

ಒಂದು ಯಂತ್ರ ಕೊಟ್ಟಿದ್ದಾರೆ. ಡಬ್ಬಿ, ಕೊಳವೆ, ಮೂಗಿಗೆ ಮುಚ್ಚುವ ಮುಖವಾಡ. ಹದಿನೈದು ದಿನ ಹಾಕಿಕೊಂಡು ಮಲಗಬೇಕು, ಆಮೇಲೆ ತಂದು ತೋರಿಸಬೇಕು.

ಊರಿಗೆ ಬಂದರೆ ಮನೋಹರ್ ಕಾಯುತ್ತಿದ್ದ. ನಿನ್ನೆ ಪುರಾಣ ಕೇಳಲು ಬಂದವರಿಗೆ 'ಅಪ್ಪಾರು ಮೌನ ವ್ರತದಲ್ಲಿದ್ದಾರೆ' ಎಂದು ಹೇಳಿ ಸಾಗಹಾಕಿದ್ದನಂತೆ. ಡಬ್ಬಿ ನೋಡಿ ಅವನ ಮುಖ ಇಳಿಯಿತು.

"ಇದನ್ನ ಹಾಕ್ಕೊಂಡ್ರ ಸಮಾಧಿ ಬರ್ತದೇನ್ರಿ?"

"ಬರಂಗಿಲ್ಲಂತ."

"ಹಂಗಾರ ಶ್ರಾವಣ ಮುಗಿಯೋ ತನಕ ತಡಕೊಳ್ರಿ. ಸಮಾಧಿ ನಿಂತ್ರ ಜನಾನೂ ನಿಲ್ತಾರ. ಜನ ನಿಂತ್ರ ಮುಂದಿನ ವರ್ಷ ನಾ ಕೀಬೋರ್ಡಿನವ್ರನ್ನ ತರ್ಬೇಕಾಗ್ತದ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಕೊಟ್ರಬಸಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋದಳು.

೩೧ ಆಗಸ್ಟ್

ಎರಡು ರಾತ್ರಿ ನರಕ. ಮೊದಲ ರಾತ್ರಿ ಕರೆಂಟ್ ಹೋಯಿತು. ನಮ್ಮಲ್ಲಿ ಕರೆಂಟು ಬರುವುದೇ ಸುದ್ದಿ. ಎರಡನೇ ದಿನ ಮಲ್ಲೇಶ ಟಿಪ್ಪರ್‌ನ ಹಳೇ ಬ್ಯಾಟರಿ ತಂದು ಇನ್ವರ್ಟರ್‌ಗೆ ಜೋಡಿಸಿದ. "ಲಾರಿ ಸೌಂಡು ಮಾಡ್ತಿದ್ರಿ, ಈಗ ಲಾರಿ ಬ್ಯಾಟ್ರೀಲೆ ಬಂದ್ ಆಗ್ರಿ" ಎಂದ.

ಮುಖವಾಡದಿಂದ ಗಾಳಿ ನುಗ್ಗುತ್ತದೆ. ಮದುವೆಮನೆಯಲ್ಲಿ ಬಲವಂತವಾಗಿ ಹೋಳಿಗೆ ತುರುಕಿದ ಹಾಗೆ. ನಿದ್ದೆಯಲ್ಲಿ ಕಿತ್ತೆಸೆದೆನಂತೆ, ಕೊಟ್ರಬಸಮ್ಮ ಮತ್ತೆ ಹಾಕಿದಳಂತೆ. ಮತ್ತೆ ಎಸೆದೆನಂತೆ, ಮತ್ತೆ ಹಾಕಿದಳಂತೆ.

ಬೆಳಿಗ್ಗೆ ಉಚ್ಚೆಂಗಮ್ಮ ಮಜ್ಜಿಗೆಗೆ ಬಂದವಳು ಮುಖವಾಡದಲ್ಲಿದ್ದ ನನ್ನನ್ನು ಕಂಡು ಚೆಂಬು ಕೆಳಗಿಟ್ಟಳು. "ಯವ್ವಾ, ಗಣಪ್ಪ ಈ ಸಲ ಚೌತಿಗೂ ಮೊದ್ಲ ಬಂದಾನಲ್ಲೇ!" ಸೊಂಡಿಲಿಗೆ ಕೈ ಮುಗಿದು, ತಲೆಯಲ್ಲಿದ್ದ ಹೂವು ತೆಗೆದು ಡಬ್ಬಿಯ ಮೇಲಿಟ್ಟಳು.

ನೋವು: ಮೊದಲಿನ ಹಾಗೇ. ಬರೆಯಲೂ ಬೇಸರ.

೨ ಸೆಪ್ಟೆಂಬರ್, ಭಾನುವಾರ

ಕನಸು ಬಿತ್ತು.

ನನಗೆ ಕನಸು ಬಿದ್ದು ಎಷ್ಟು ಕಾಲವಾಯಿತೋ ತಿಳಿಯದು. ಅಜ್ಜಿ ಭರಮಮ್ಮ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಸಿಪ್ಪೆ ಒಡೆಯುವ ಟಕ್ ಟಕ್ ಕೂಡ ಕೇಳಿಸಿತು. ಅಜ್ಜಿ ಕಥೆ ಹೇಳುವುದು ಹಾಗೆಯೇ. ಕೈಗೊಂದು ಕಾಯಿ, ಬಾಯಿಗೊಂದು ಮಾತು. ಕಥೆ ಬಿಸಿಯೇರಿದಾಗ ಕಾಯಿ ಸುಲಿಯದೆ ಬೆರಳ ನಡುವೆ ಹಿಡಿದುಬಿಡುತ್ತಿದ್ದಳು. ನಾವೆಲ್ಲ ಮೊಮ್ಮಕ್ಕಳು ಆ ಕಾಯಿಯನ್ನೇ ನೋಡುತ್ತಿದ್ದೆವು. ಅದು ಟಕ್ಕೆಂದಾಗಲೇ ರಾಕ್ಷಸ ಸಾಯುವುದು. ಕನಸಿನಲ್ಲಿ ನನ್ನ ಕಡೆ ಒಂದು ಮುಷ್ಟಿ ಬೀಜ ಚಾಚಿದಳು. ತಿನ್ನುವ ಮೊದಲೇ ಬೆಳಗಾಯಿತು. ಯಾರೂ ತಿವಿದಿರಲಿಲ್ಲ. ಕೊಟ್ರಬಸಮ್ಮ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ. ನಾನೇ ಎದ್ದು ಒಲೆ ಹಚ್ಚಿ ಚಹಾ ಮಾಡಿದೆ. ಸಕ್ಕರೆ ಜಾಸ್ತಿಯಾಯಿತೆಂದು ಅವಳು ಬೈದಳು.

ಅಂಗಡಿಯಲ್ಲಿ ಇಲಿ ಕಾಟ. ಕಂಪ್ಲಿ ಅಕ್ಕಿ ಮೂಟೆಗಳನ್ನು ಆಚೆ ಸರಿಸಿ ಬಿಲ ಹುಡುಕಿದೆ. ಹಾಳು ಇಲಿ ಸಿಗಲಿಲ್ಲ.

ಸಂಜೆ ಶಿವ ಒಳಗೆ ಬಂದು ಕುಳಿತ. ಕಡೆಗೂ.

೪ ಸೆಪ್ಟೆಂಬರ್, ಮಂಗಳವಾರ

ನಿನ್ನೆ ಸೋಮವಾರ ಕೆಟ್ಟಿತು. ಗುಡಿ ತುಂಬಿತ್ತು. ಎಲ್ಲರೂ ನನ್ನ ಕಣ್ಣುರೆಪ್ಪೆಯನ್ನೇ ನೋಡುತ್ತಿದ್ದರು, ಕಥೆಯ ಕಡೆ ಕಿವಿ ಇರಲಿಲ್ಲ. ಮನೋಹರ್ ಕಂಬದ ಮರೆಯಿಂದ ಕಣ್ಣು ಮುಚ್ಚಿ ತೋರಿಸಿದ, ಕೈ ಜೋಡಿಸಿದ, ಆಮೇಲೆ ಹತ್ತಿರ ಬಂದು ಕಿವಿಯಲ್ಲೇ ಹೇಳಿದ.

"ಒಂದೈದು ನಿಮಿಷ ಕಣ್ಣು ಮುಚ್ಚಾಕ ಏನ್ ಕಷ್ಟರೀ ನಿಮಗ?"

ಮುಚ್ಚಿದೆ. ಇಲ್ಲವೆಂದು ಬರೆಯಲಾರೆ. ಎರಡು ಟೆಂಪೋ ಜನ ಉಸಿರು ಬಿಗಿಹಿಡಿದರು. ಕಣ್ಣು ಮುಚ್ಚಿದ ಮೇಲೆ ಎಲ್ಲವೂ ಕೇಳಿಸತೊಡಗಿತು. ಯಾರೋ ಮಂಡಕ್ಕಿ ಅಗಿಯುತ್ತಿದ್ದರು. ಸೊಳ್ಳೆಯೊಂದು ಮೂಗಿನ ಮೇಲೆ ಕೂತಿತು. ಅತ್ತ ಶರಣನ ಮನೆಯಲ್ಲಿ ಮುದುಕ ನೀರಿಗೆ ಕೈಯೊಡ್ಡಿದ್ದ, ಯಾರೂ ಕೊಡುತ್ತಿರಲಿಲ್ಲ. ಪಾಪ, ಎಷ್ಟು ದಿನದಿಂದ ಬಾಯಾರಿದ್ದಾನೆ. ತಡೆಯಲಾಗಲಿಲ್ಲ. ಕಣ್ಣು ಬಿಟ್ಟು, "ನೀರು ಕುಡಿದ ಮುದುಕ ಗಡ್ಡ ಒರೆಸಿಕೊಂಡ" ಎಂದೆ.

ಎಮ್ಮಿಗನೂರಿನವರು ಎದ್ದರು. "ಸಮಾಧಿ ಕ್ಯಾನ್ಸಲ್ ಅಂತಲೇ" ಎಂದು ಒಬ್ಬರಿಗೊಬ್ಬರು ಹೇಳುತ್ತ ಚಪ್ಪಲಿ ಹುಡುಕಿದರು. ಮನೋಹರ್ ನನ್ನ ಮುಖ ನೋಡದೆ ಹೋದ.

ಎಡಗಿವಿ ಹಾಲೆಗೆ ಮುಖವಾಡದ ಪಟ್ಟಿ ಉಜ್ಜಿ ಭಾರಿ ನೋವು. ಈ ನೋವಿಗೆ ಮದ್ದೇನೋ?

೮ ಸೆಪ್ಟೆಂಬರ್

ಫ್ಲೆಕ್ಸ್ ಬಸ್ ಸ್ಟ್ಯಾಂಡಿನಲ್ಲಿಲ್ಲ. ಹಿಮಾಲಯ ಸಮೇತ ನಾನು ಈಗ ಮಲ್ಲೇಶನ ಬಚ್ಚಲಮನೆಯ ಚಾವಣಿಯಾಗಿದ್ದೇನೆ. ಕಾಲು ಮುಟ್ಟಲು ಯಾರೂ ಬರುವುದಿಲ್ಲ. ಬೇಳೆ ಕೊಳ್ಳಲು ಬರುತ್ತಾರೆ.

ಮೋರಿ ದುರಸ್ತಿಯಾಗಿ ಲಾರಿ ಶುರುವಾದವು. ಪುರಾಣಕ್ಕೆ ಬರುವುದು ನಮ್ಮ ಓಣಿಯವರು, ಉಚ್ಚೆಂಗಮ್ಮ, ಮೊದಲಿನ ಕೆಲವರು. ಕೀಬೋರ್ಡಿನವರ ಜತೆ ಮನೋಹರ್ ಫೋನಿನಲ್ಲಿ ಮಾತಾಡಿದನಂತೆ. ಮಂಗಳಕ್ಕೆ ಇನ್ನು ಸ್ವಲ್ಪವೇ ದಿನ. ಮಾತಾಡಲಿ. ನಾನು ಕಥೆ ಹೇಳುತ್ತೇನೆ.

ಕಿವಿ ಇನ್ನೂ ಉರಿಯುತ್ತಿದೆ.

೧೨ ಸೆಪ್ಟೆಂಬರ್, ಬುಧವಾರ

ನಿನ್ನೆ ಅಮಾವಾಸ್ಯೆ. ಮಂಗಳವಾಯಿತು. ಮೊದಲು ಅಜ್ಜಿಯ ಕಥೆಯನ್ನು ಇಲ್ಲಿ ಬರೆದಿಡುತ್ತೇನೆ.

ಮುದುಕನಾಗಿ ಬಂದ ಶಿವ ಉಂಡು, ನೀರು ಕುಡಿದು, ಹೊರಡುವಾಗ ಶರಣನನ್ನು ಕೇಳುತ್ತಾನೆ: "ನೀನು ಎಂದೂ ಎಣಿಸದೆ ಇಟ್ಟದ್ದೇನಾದರೂ ಇದ್ದರೆ ಅದನ್ನು ನನಗೆ ಕೊಡು." ಶರಣ ಹಟ್ಟಿಗೆ ಓಡುತ್ತಾನೆ, ದನಗಳನ್ನು ಎಣಿಸಿಯಾಗಿದೆ. ಹಗೇವಿಗೆ ಇಳಿಯುತ್ತಾನೆ, ಕಾಳನ್ನು ಅಳೆದಾಗಿದೆ. ಹೊಲದ ಸಾಲು, ಮಾಡಿನ ಹಂಚು, ಎಲ್ಲಕ್ಕೂ ಲೆಕ್ಕವಿದೆ. ಸೋತು ಬಂದು ಕೂರುತ್ತಾನೆ. ಮುದುಕ ನಕ್ಕು, "ನಿನ್ನ ಉಸಿರನ್ನು ಎಣಿಸಿದ್ದೀಯಾ?" ಎನ್ನುತ್ತಾನೆ. ಇಲ್ಲ. "ಹಾಗಾದರೆ ಅದನ್ನು ಕೊಡು" ಎಂದು ಕೈ ಚಾಚುತ್ತಾನೆ.

ಇಲ್ಲಿಗೆ ಅಜ್ಜಿ ಕಾಯಿ ಒಡೆಯದೆ ಹಿಡಿಯುತ್ತಿದ್ದಳು. ನಾನೂ ನಿಲ್ಲಿಸಿದೆ. ಹಿಂದಿನಿಂದ ಯಾರೋ, "ಮತ್ತ ಸಮಾಧಿ ಬಂತೇನ್ಲೇ" ಎಂದರು. ಉಚ್ಚೆಂಗಮ್ಮ, "ಬಾಯಿ ಮುಚ್ಚು, ಕತಿ ಕೇಳು" ಎಂದು ಗದರಿದಳು.

ಆಗ ಒಲೆಯ ಮುಂದಿನಿಂದ ಶರಣನ ಹೆಂಡತಿ ಏಳುತ್ತಾಳೆ. "ಅಜ್ಜಾ, ಅದನ್ನ ಒಯ್ಯಾಕ ಬರಂಗಿಲ್ಲ. ಅದು ಎಣಿಸಿದ್ದು."

"ಯಾರು ಎಣಿಸ್ಯಾರ?"

"ನಾ. ದಿನಾ ರಾತ್ರಿ, ಇವ್ರು ಮಲಗಿದ ಮ್ಯಾಲೆ."

ಶಿವ ಚಾಚಿದ ಕೈ ಹಿಂದಕ್ಕೆಳೆದು, ಬಂದ ದಾರಿ ಹಿಡಿಯುತ್ತಾನೆ.

ಚಿಕ್ಕಂದಿನಿಂದ ಗೊತ್ತಿರುವ ಕಥೆ. ನಿನ್ನೆ ಆ ಮಾತು ಹೇಳುವಾಗ ಹೆಂಗಸರ ಕಡೆ ನೋಡಿದೆ. ಕೊಟ್ರಬಸಮ್ಮ ತಲೆ ತಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಆ ಮಾತನ್ನು ಇನ್ನೊಂದು ಸಲ ಹೇಳಿದೆ. ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ.

ಆರತಿ ತಿರುಗುವಾಗ ಉಚ್ಚೆಂಗಮ್ಮ ಅವಳನ್ನು ಹಿಡಿದುಕೊಂಡಳು. "ಖರೇ ಹೇಳು, ನಿನ್ನ ಗಂಡನ ಉಸಿರ ನೀ ಎಣಿಸಿದ್ದೇನು?" ಕೊಟ್ರಬಸಮ್ಮ ಮೋರಿ ಕುಸಿದ ರಾತ್ರಿಯಿಂದ ಹಿಡಿದು ಎಲ್ಲ ಹೇಳಿದಳು. ಗುರ್ ಅನ್ನುವುದು, ಗ‍ಪ್ಪ ಅನ್ನುವುದು, ಗೇರ್ ಬದಲಿಸುವ ಹೊತ್ತು. ಹೆಂಗಸರು ಪ್ರಸಾದ ಕೈಯಲ್ಲೇ ಹಿಡಿದು ಕೇಳಿದರು. ಯಾರೂ ನಗಲಿಲ್ಲ. ಬೇಗ ಬೇಗ ಮನೆಗೆ ಹೋದರು.

ಇವತ್ತು ಬೆಳಿಗ್ಗೆ ಯಂತ್ರ ತೋರಿಸಲು ಹೊಸಪೇಟೆಗೆ ಹೊರಟೆವು. ಬಸ್ ಸ್ಟ್ಯಾಂಡಿಗೆ ಹೋದರೆ ಪುರಾಣ ಕೇಳಿದ ಹೆಂಗಸರೆಲ್ಲ ಅಲ್ಲಿದ್ದರು, ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ಗಂಡ. ಲಾರಿ ಸದ್ದಿಗೆ ಕೇಳುವುದಿಲ್ಲವೆಂದು ರಾತ್ರಿ ಮೂಗಿನ ಹತ್ತಿರವೇ ಕಿವಿ ಇಟ್ಟು ಕೂತಿದ್ದರಂತೆ. "ನಮ್ಮವ್ರೂ ಗೇರ್ ಬದಲಿಸ್ತಾರ್ರೀ" ಎಂದು ಮಲ್ಲೇಶನ ಹೆಂಡತಿ ಕುಂಟುತ್ತಲೇ ಬಂದು ಹೇಳಿದಳು. ಮಲ್ಲೇಶ ನನ್ನ ಕಡೆ ನೋಡದೆ ಬೀಡಿ ಹುಡುಕಿದ.

ಮನೋಹರನೂ ಇದ್ದ. ಕಾರು ಮನೆಯಲ್ಲಿದೆ. ಅವನ ಹೆಂಡತಿ ಲಲಿತಾ, "ಸ್ಟೇರಿಂಗ್ ಹಿಡದಾಗ ಸಮಾಧಿ ಬಂದ್ರ?" ಎಂದು ಕೀಲಿ ಕಿತ್ತುಕೊಂಡು ಬಸ್ಸು ಹತ್ತಿಸಿದಳಂತೆ. ಅವನು ನನ್ನನ್ನು ಕಂಡು ಕೆಮ್ಮಿದ.

"ಮಂಗಳ ಛಲೋ ಆತ್ರಿ. ಕೀಬೋರ್ಡಿನವ್ರಿಗೆ ಬ್ಯಾಡ ಅಂತ ಹೇಳ್ತೀನಿ. ಮುಂದಿನ ಶ್ರಾವಣಕ್ಕೂ ನೀವ..." ಎಂದವನು ಕಿಟಕಿಗೆ ತಲೆಯಾನಿಸಿದ. ಮಾತು ಅಲ್ಲಿಗೇ ನಿಂತಿತು. ಲಲಿತಾ ಅವನ ಮೂಗಿನ ಕೆಳಗೆ ಬೆರಳು ಹಿಡಿದು ಎಣಿಸತೊಡಗಿದಳು. ಊರು ದಾಟುವ ಹೊತ್ತಿಗೆ ಗಂಡಸರೆಲ್ಲ ನಿದ್ದೆ ಹೋಗಿದ್ದರು. ಬಸ್ಸಿನ ಸದ್ದು ಯಾವುದು, ಇವರ ಸದ್ದು ಯಾವುದು ಎಂದು ತಿಳಿಯದೆ ಡ್ರೈವರ್ ಒಮ್ಮೆ ಇಳಿದು ಇಂಜಿನ್ ನೋಡಿ ಬಂದ.

ಇಷ್ಟು ಜನರ ನಡುವೆ ನನಗೆ ಸೀಟು ಎಲ್ಲಿ? ಒಂದು ಖಾಲಿಯಿತ್ತು. ಅದರಲ್ಲಿ ಉಚ್ಚೆಂಗಮ್ಮ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಡಬ್ಬಿಗೆ ಹೂವು ಮುಡಿಸಿ, ಕಿಟಕಿ ಪಕ್ಕ ಕೂತುಬಿಟ್ಟಳು. ಅವಳಿಗೆ ಗಂಡನೂ ಇಲ್ಲ, ಗೊರಕೆಯೂ ಇಲ್ಲ, ಸುಮ್ಮನೆ ಬಂದಿದ್ದಾಳೆ. ಸಂಡೂರಿನಲ್ಲಾದರೂ ಎದ್ದಾಳೆಂದು ನೋಡಿದೆ, ಏಳಲಿಲ್ಲ. ಹೊಸಪೇಟೆಯವರೆಗೆ ನಿಂತೇ ಬಂದೆ. ಕಂಡಕ್ಟರ್ ಭುಜ ತಟ್ಟಿ ಟಿಕೆಟ್ ಕೇಳಿದ, ಕೊಟ್ರಬಸಮ್ಮನ ಹತ್ತಿರ ಇದೆ ಎಂದೆ.

ಡಾಕ್ಟರ್ ಬರುವುದು ಇನ್ನೂ ತಡವಂತೆ. ಆಸ್ಪತ್ರೆ ಬೆಂಚಿನಲ್ಲೂ ಜಾಗವಿಲ್ಲ, ಗೋಡೆಗೆ ಡೈರಿ ಆನಿಸಿ ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವರು ಬಂದ ಕೂಡಲೇ ಮೊದಲು ಈ ಕಿವಿ ಹಾಲೆಯ ನೋವಿನ ವಿಷಯ ಹೇಳಬೇಕು.